ಮಳೆಗಾಲದಲ್ಲಿ ಕೋಟೆ ಬಿಚ್ಚಿಕೊಂಡರೆ: ಆಟದ ಟೆರೇನ್‌ಗೆ ದೋಷ ನಿವಾರಣೆ ಕೈಪಿಡಿ

ಮೇ ಕೊನೆಯಲ್ಲಿ ಮೇಜಿನ ಆಟಕ್ಕೆಂದು ರಟ್ಟು, ಥರ್ಮಾಕೋಲ್‌ನಲ್ಲಿ ಮಾಡಿದ ಪುಟ್ಟ ಕೋಟೆ. ಜುಲೈನಲ್ಲಿ ಪೆಟ್ಟಿಗೆ ತೆರೆದರೆ ಗೋಡೆ ಒಂದು ಕಡೆ, ನೆಲ ಒಂದು ಕಡೆ. ಬುಡದ ರಟ್ಟು ಸುಟ್ಟ ಹಪ್ಪಳದ ಹಾಗೆ ಎದ್ದು ಕೂತಿತ್ತು. ನಾನು ಅಂಟನ್ನು ಬೈದೆ. ಹೊಸ ಅಂಟು ತಂದೆ. ಅದೂ ಬಿಟ್ಟಿತು. ಶಿರಸಿಯ ಗೆಳೆಯ ಫೋನಿನಲ್ಲಿ ಕೇಳಿ ನಕ್ಕ. “ಮಾರಾಯ, ಅಂಟು ಬದಲಿಸೋದು ಬಿಡು. ಮೊದ್ಲು ಒಣಗ್ಸು.”

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ, ಒಬ್ಬೊಬ್ಬರು ಒಂದು ಪಾತ್ರ ಹಿಡಿದು ಮೇಜಿನ ಸುತ್ತ ಆಡುವ ಆಟದಲ್ಲಿ ಕಥೆ ಬಾಯಲ್ಲೇ ನಡೆಯುತ್ತದೆ. ಕಾದಾಟ ಬಂದಾಗ ಮಾತ್ರ ಯಾರು ಎಲ್ಲಿ ನಿಂತಿದ್ದಾರೆ ಅಂತ ತೋರಿಸಲು ಮೇಜಿನ ಮೇಲೆ ಗೋಡೆ, ಸೇತುವೆ, ಬಂಡೆ ಬೇಕಾಗುತ್ತದೆ. ಅದಕ್ಕೇ ಟೆರೇನ್ ಅನ್ನುವುದು. ಅದನ್ನು ಮಾಡುವ ಬಗೆ ಕಲಿಸುವವರು ಹೆಚ್ಚಿನವರು ಒಣ ಊರಿನವರು. ಅವರು “ರಾತ್ರಿ ಒಣಗಲು ಬಿಡಿ” ಅಂದರೆ ಕಾರವಾರದ ಜುಲೈನಲ್ಲಿ ಅದು ನಾಲ್ಕು ರಾತ್ರಿ ಅಂತ ಓದಿಕೊಳ್ಳಬೇಕು. ನಾನು ಕಂಡ ಹತ್ತು ದೋಷದಲ್ಲಿ ಏಳೆಂಟಕ್ಕೆ ಕಾರಣ ನೀರು. ಒಳಗೆ ಸಿಕ್ಕಿಕೊಂಡ ನೀರು, ಇಲ್ಲವೇ ಒಣಗಿದ ಮೇಲೆ ವಾಪಸ್ ಬಂದ ನೀರು. ಹಾಗಾಗಿ ಎಲ್ಲ ಕಡೆ ಮೊದಲು ನೀರನ್ನೇ ಹುಡುಕುತ್ತೇನೆ.

ಮೊದಲು ಕೆನ್ನೆ, ಆಮೇಲೆ ತಕ್ಕಡಿ

ಮಳೆಗಾಲದಲ್ಲಿ ಬಟ್ಟೆ ಒಣಗಿದೆಯೋ ಇಲ್ಲವೋ ಅಂತ ಅಮ್ಮ ಕೆನ್ನೆಗೆ ಒತ್ತಿ ನೋಡುತ್ತಾರೆ, ಅಲ್ವಾ? ಅದೇ ಪರೀಕ್ಷೆ ಇಲ್ಲಿಗೂ ನಡೆಯುತ್ತದೆ. ತುಂಡಿನ ತಳವನ್ನು ಕೆನ್ನೆಗೆ ಇಡಿ. ಪಕ್ಕದಲ್ಲಿದ್ದ ಒಣ ರಟ್ಟಿಗಿಂತ ತಣ್ಣಗಿದ್ದರೆ ನೀರು ಇನ್ನೂ ಹೊರಗೆ ಹೋಗುತ್ತಿದೆ ಅಂತ ಅರ್ಥ.

ಅಷ್ಟು ನಂಬಿಕೆ ಬರದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಇವತ್ತು ತೂಗಿ, ಅಡಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ನಾಳೆ ಅದೇ ಹೊತ್ತಿಗೆ ತೂಗಿ. ತೂಕ ಇಳಿದಿದ್ದರೆ ಒಣಗುತ್ತಾ ಇದೆ, ಸುಮ್ನೆ ಬಿಡಿ. ಎರಡು ದಿನ ಒಂದೇ ತೂಕ ಬಂದರೆ ಅಲ್ಲಿಯ ಹವೆಯಲ್ಲಿ ಒಣಗುವಷ್ಟು ಒಣಗಿದೆ. ಏರಿದ್ದರೆ ಅದು ಗಾಳಿಯಿಂದ ನೀರು ಕುಡಿಯುತ್ತಿದೆ, ಇಟ್ಟ ಜಾಗವೇ ಸರಿಯಿಲ್ಲ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಇದನ್ನು ಬಿಟ್ಟು ನಾನು ಎರಡು ವರ್ಷ ಅಂಟಿನ ಡಬ್ಬಿ ಬದಲಿಸುತ್ತಾ ಕೂತಿದ್ದೆ.

ಅಂಟಿಸಿದ್ದು ಬಿಡುತ್ತಿದೆ

ಬಿಟ್ಟ ಜಾಗಕ್ಕೆ ಕೂಡಲೇ ಇನ್ನಷ್ಟು ಅಂಟು ಸುರಿಯಬೇಡಿ. ಮೊದಲು ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಒಳಗೆ ಏನು ಕಾಣುತ್ತದೆ ಅನ್ನುವುದರಲ್ಲೇ ಉತ್ತರ ಇದೆ.

ಅಂಟು ಹಾಲಿನ ಹಾಗೆ ಬೆಳ್ಳಗೆ, ಒದ್ದೆಯಾಗಿದ್ದರೆ ಅದು ಒಣಗಿಯೇ ಇಲ್ಲ. ಫೆವಿಕಾಲ್ ಥರದ ಬಿಳಿ ಅಂಟು ಗಟ್ಟಿಯಾಗುವುದು ಅದರ ನೀರು ಹೊರಗೆ ಹೋದ ಮೇಲೆ. ರಟ್ಟು ಅಥವಾ ಮರ ಆ ನೀರನ್ನು ಹೀರಿಕೊಳ್ಳುತ್ತದೆ. ಥರ್ಮಾಕೋಲ್ ಥರದ ಫೋಮ್ ಹೀರುವುದಿಲ್ಲ. ಎರಡು ಫೋಮ್ ಹಾಳೆ ನಡುವೆ ಅಂಗೈಯಗಲ ಅಂಟು ಬಳಿದರೆ ಅಂಚು ಒಣಗಿ ಬಾಗಿಲು ಹಾಕಿಕೊಳ್ಳುತ್ತದೆ, ನಡುವಿನ ನೀರು ಅಲ್ಲೇ ಉಳಿಯುತ್ತದೆ. ವಾರ ಕಳೆದರೂ ಹಾಗೇ. ಇದಕ್ಕೆ ದಾರಿ ಸುಲಭ. ಅಂಟನ್ನು ಪೂರ್ತಿ ಬಳಿಯದೆ ಗೆರೆ ಗೆರೆಯಾಗಿ ಹಾಕಿ, ನಡುವೆ ಖಾಲಿ ಬಿಡಿ. ಟೂತ್‌ಪಿಕ್‌ನಿಂದ ಅಲ್ಲಲ್ಲಿ ತೂತು ಮಾಡಿ. ಒಣಗುವ ತನಕ ಜಾರದಂತೆ ಹಿಡಿಕಡ್ಡಿ ಚುಚ್ಚಿಡಿ. ತೆಂಗಿನ ಹಿಡಿಕಡ್ಡಿ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ, ಒಳಗೇ ಉಳಿದರೂ ತೊಂದರೆ ಇಲ್ಲ.

ಅಂಟು ಪಾರದರ್ಶಕವಾಗಿ ಒಣಗಿದೆ, ಆದರೆ ಒಂದು ಬದಿಯಿಂದ ಸಿಪ್ಪೆ ಥರ ಪೂರ್ತಿ ಎದ್ದು ಬಂದಿದೆ. ಇಲ್ಲಿ ಅಂಟಿನ ತಪ್ಪಿಲ್ಲ, ಮೈಯ ತಪ್ಪು. ಧೂಳು, ಎಣ್ಣೆ ಅಥವಾ ಫೋಮ್ ಹಾಳೆಯ ನುಣುಪಾದ ಹೊರಪದರ. ಕಾರವಾರದ ಬೈತಖೋಲ ಬಂದರಿನ ಕಡೆಯಿಂದ ಮೀನಿನ ಥರ್ಮಾಕೋಲ್ ಪೆಟ್ಟಿಗೆ ತಂದು ಮಾಡುವವರಿಗೆ ಇದು ಖಾಯಂ. ಮೀನಿನ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ, ಅಂಟಿಗೆ ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆದು, ಒಣಗಿಸಿ, ಮರಳು ಕಾಗದದಿಂದ ಹಗುರವಾಗಿ ತಿಕ್ಕಿ. ಆಮೇಲೂ ವಾಸನೆ ಬಂದರೆ ಆ ಪೆಟ್ಟಿಗೆ ಬಿಡಿ. 2022ರಲ್ಲಿ ಅಲಂಕಾರದ ಥರ್ಮಾಕೋಲ್ ನಿಷೇಧವಾಗುವ ಮೊದಲು ಗಣಪತಿ ಹಬ್ಬ ಮುಗಿದ ಮೇಲೆ ಮಂಟಪದ ಥರ್ಮಾಕೋಲ್ ಬೇಕಾದಷ್ಟು ಸಿಗುತ್ತಿತ್ತು. ನನ್ನ ಅರ್ಧ ಊರು ಕಟ್ಟಿದ್ದು ಅದರಲ್ಲೇ.

ಅಂಟು ಎರಡೂ ಬದಿಗೆ ಹಿಡಿದಿದೆ, ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಇದು ಒಮ್ಮೆ ಒಣಗಿ, ಆಮೇಲೆ ತೇವ ಕುಡಿದ ಅಂಟು. ಮಾಮೂಲಿ ಬಿಳಿ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಮತ್ತೆ ಒಣಗಿಸಿದರೆ ಬಹಳ ಸಲ ತಾನಾಗಿಯೇ ಬಿಗಿಯುತ್ತದೆ. ಹೊಸದಾಗಿ ಮಾಡುವಾಗ ಬಡಗಿಗಳು ಬಳಸುವ ನೀರು ತಡೆಯುವ ಅಂಟು ಕೇಳಿ ತನ್ನಿ. ಸ್ವಲ್ಪ ದುಬಾರಿ, ಆದರೆ ಕರಾವಳಿಯಲ್ಲಿ ಇದೊಂದಕ್ಕೆ ದುಡ್ಡು ಹಾಕಬಹುದು.

ಅಂಟು ಗಟ್ಟಿ ಇದೆ, ಫೋಮೇ ಹರಿದಿದೆ. ಆಗ ಅಂಟಿನ ಕೆಲಸ ಚೆನ್ನಾಗಿಯೇ ಆಗಿದೆ. ಗೋಡೆಗೆ ಒಳಗಿನ ಆಧಾರ ಸಾಲದು. ಕಡ್ಡಿ ಇಳಿಸಿ.

ಬಿಸಿ ಅಂಟಿನ ಗನ್ ಬಳಸಿದ್ದು ಟಪ್ ಅಂತ ಶುದ್ಧವಾಗಿ ಕಿತ್ತು ಬಂದರೆ, ಒತ್ತುವ ಮೊದಲೇ ಅದು ಆರಿತ್ತು ಅಂತ ಲೆಕ್ಕ. ಒಂದು ಸಲಕ್ಕೆ ಸ್ವಲ್ಪ ಜಾಗಕ್ಕೆ ಮಾತ್ರ ಅಂಟು ಹಾಕಿ, ಬೇಗ ಒತ್ತಿ.

ಒಂದೇ ಜಾಗವನ್ನು ಮೂರು ಸಲ ಅಂಟಿಸಿ ಮೂರು ಸಲವೂ ಬಿಟ್ಟರೆ ನಾಲ್ಕನೇ ಸಲ ಬೇಡ. ಹಳೆ ಅಂಟಿನ ಪದರದ ಮೇಲೆ ಯಾವುದೂ ನಿಲ್ಲುವುದಿಲ್ಲ. ಆ ಭಾಗ ಕತ್ತರಿಸಿ ಹೊಸ ತುಂಡು ಕೂರಿಸಿ.

ತಳ ಡೊಂಕಾಗಿದೆ

ಗಾಜಿನ ಮೇಲೆ ಇಟ್ಟು ನೋಡಿ. ನಾಲ್ಕು ಮೂಲೆ ಎದ್ದು ನಡು ತಗ್ಗಿದ್ದರೆ ಬಣ್ಣ ಹೊಡೆದ ಮೇಲ್ಮೈ ಒಣಗುತ್ತಾ ಕುಗ್ಗಿ ಎಳೆದಿದೆ. ಮೂಲೆ ಕೂತು ನಡು ಉಬ್ಬಿದ್ದರೆ ಮೇಲ್ಮೈ ತೇವ ಕುಡಿದು ಹಿಗ್ಗಿರಬಹುದು.

ಮೊದಲನೆಯದಕ್ಕೆ ಮದ್ದು ಹಿಂಬದಿಗೂ ಅದೇ ಬಣ್ಣ, ಅದೇ ಪ್ರಮಾಣ. ಅದು ಒಣಗುತ್ತಾ ಹಿಂದಕ್ಕೆ ಎಳೆಯುತ್ತದೆ. ಮುಕ್ಕಾಲು ಒಣಗಿದಾಗ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ದಪ್ಪ ಪುಸ್ತಕ ಹೇರಿ. ಎರಡನೆಯದಕ್ಕೆ ಮೊದಲು ಒಣಗಿಸುವುದು, ಆಮೇಲೆ ಭಾರ. ಒದ್ದೆಯಿರುವಾಗಲೇ ಭಾರ ಹೇರಿ ಮರೆತುಬಿಟ್ಟರೆ ಬೂಸು ಬರುತ್ತದೆ.

ಪ್ಯಾಕಿಂಗ್ ರಟ್ಟಿನಲ್ಲಿ ಒಳಗೆ ಅಲೆ ಅಲೆಯ ಗೆರೆ ಇರುತ್ತದಲ್ಲ, ಆ ಗೆರೆಯ ಉದ್ದಕ್ಕೆ ಅದು ಸುಲಭವಾಗಿ ಬಾಗುತ್ತದೆ. ಎರಡು ರಟ್ಟನ್ನು ಗೆರೆ ಅಡ್ಡಡ್ಡ ಬರುವಂತೆ ಅಂಟಿಸಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಇನ್ನೂ ಒಳ್ಳೆಯದು. ಆದರೆ ಅದು ನೀರು ಕುಡಿಯುವುದು ಕತ್ತರಿಸಿದ ಅಂಚಿನಿಂದ, ಹಾಗಾಗಿ ಅಂಚಿಗೆ ಎರಡು ಸಲ ಅಂಟು ಬಳಿಯಿರಿ. ಒಮ್ಮೆ ಊದಿದ ಎಂಡಿಎಫ್ ಅಂಚು ಮೊದಲಿನಂತಾಗುವುದಿಲ್ಲ. ತಿಕ್ಕಿ ಸಮ ಮಾಡಿ, ಅಥವಾ ಅಲ್ಲೊಂದು ಪೊದೆ ಕೂರಿಸಿ ಮುಚ್ಚಿ.

ಒಣಗಿಸುವುದು ಎಲ್ಲಿ ಅನ್ನುವುದು ದೊಡ್ಡ ಪ್ರಶ್ನೆ. ಎಸಿ ಇದ್ದ ಕೋಣೆ ಒಳ್ಳೆಯದು. ಇಲ್ಲದಿದ್ದರೆ ಫ್ಯಾನ್ ಕೆಳಗೆ, ತಳಕ್ಕೂ ಗಾಳಿ ಆಡುವಂತೆ ಎರಡು ಕಡ್ಡಿಯ ಮೇಲೆ. ಘಟ್ಟದ ಮೇಲಿನ ಮನೆಗಳಲ್ಲಿ ಅಟ್ಟ ಬೆಚ್ಚಗಿರುತ್ತದೆ. ಆದರೆ ಉರಿಯುವ ಒಲೆಯ ನೇರ ಮೇಲೆ ಇಡಲೇಬೇಡಿ. ಥರ್ಮಾಕೋಲ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆಕಾರ ಬಿಡುತ್ತದೆ. ಕಿಡಿ ತಾಗಿದರೆ ಕಪ್ಪು ಹೊಗೆ ಎಬ್ಬಿಸಿ ಉರಿಯುತ್ತದೆ.

ಮೇಲೆ ಬಿಳಿ ಬಂದಿದೆ

ಈ ಭಾಗ ನಿಧಾನವಾಗಿ ಓದಿ. ನೋಡಲು ಒಂದೇ ಥರ ಇದ್ದರೂ ಇದು ನಾಲ್ಕು ಬೇರೆ ಬೇರೆ ದೋಷ. ಒಂದರ ಮದ್ದು ಇನ್ನೊಂದನ್ನು ಕೆಡಿಸುತ್ತದೆ.

ಮೊದಲು ಮೂಸಿ, ಆದರೆ ಮೂಗನ್ನು ಹತ್ತಿರ ಒಯ್ಯಬೇಡಿ. ಹಳೆ ಗೋಣಿಚೀಲದ ವಾಸನೆ ಬಂದು, ಬಿಳಿ ಕಲೆ ಹತ್ತಿಯಂತೆ ಎದ್ದಿದ್ದರೆ ಅದು ಬೂಸು. ವಾಸನೆ ಇಲ್ಲದಿದ್ದರೆ ಬ್ರಷ್‌ನಲ್ಲಿ ಒಂದು ಹನಿ ಸಿಹಿನೀರು ತೆಗೆದು ಕಲೆಗೆ ತಾಗಿಸಿ. ಕಲೆ ಮಾಯವಾಗಿ, ಒಣಗಿದ ಮೇಲೆ ಹರಳು ಹರಳಾಗಿ ಮತ್ತೆ ಬಂದರೆ ಉಪ್ಪು. ಒದ್ದೆಯಿದ್ದಷ್ಟು ಹೊತ್ತು ಮರೆಯಾಗಿ ಆಮೇಲೆ ಅದೇ ಮಸುಕು ಕಂಡರೆ ವಾರ್ನಿಷ್. ಅಂಟಿಸಿದ ಜಾಗದ ಸುತ್ತ ಮಾತ್ರ ಬೂದಿ ಉದುರಿದಂತಿದ್ದರೆ ಫೆವಿಕ್ವಿಕ್ ಥರದ ಅಂಟಿನ ಆವಿ ಕೂತಿದೆ.

ಉಪ್ಪು ನಮ್ಮ ಕರಾವಳಿಯವರ ಸ್ವಂತ ದೋಷ. ಟ್ಯಾಗೋರ್ ಕಡಲತೀರದ ಮರಳು ನುಣ್ಣಗೆ ಚೆನ್ನಾಗಿದೆ ಅಂತ ಒಂದು ಹಿಡಿ ತಂದು ಅಂಟಿನ ಮೇಲೆ ಉದುರಿಸಿದ್ದೆ. ಬೇಸಿಗೆಯಲ್ಲಿ ನೋಡಲು ಚೆಂದವೇ ಇತ್ತು. ಮಳೆ ಶುರುವಾದ ಮೇಲೆ ನೆಲ ಬೆವರತೊಡಗಿತು. ಸಾಣಿಕಟ್ಟಾ ಉಪ್ಪಿನ ಡಬ್ಬಿಯನ್ನು ಜುಲೈನಲ್ಲಿ ಮುಚ್ಚಳ ಹಾಕದೆ ಇಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಉಪ್ಪು ಗಾಳಿಯ ನೀರನ್ನು ಕರೆದು ಕೂರಿಸುತ್ತದೆ, ಕೆಳಗಿನ ಅಂಟನ್ನೂ ಮೆತ್ತಗೆ ಮಾಡುತ್ತದೆ. ಈಗಾಗಲೇ ಅಂಟಿಸಿದ ಮರಳಾದರೆ ಒದ್ದೆ ಬಟ್ಟೆಯಿಂದ ಮೂರ್ನಾಲ್ಕು ಸಲ ಒತ್ತಿ ತೆಗೆದು, ಒಣಗಿಸಿ, ಮೇಲೆ ವಾರ್ನಿಷ್ ಹಾಕಿ ನೋಡಿ. ಪೂರ್ತಿ ಹೋಗುವುದು ಕಷ್ಟ. ಮುಂದಿನ ಸಲ ಮರಳನ್ನು ಬಾವಿ ನೀರಿನಲ್ಲಿ ನಾಲ್ಕೈದು ಸಲ ತೊಳೆದು, ಹಳೆ ಬಾಣಲೆಯಲ್ಲಿ ಹುರಿದು ಆರಿಸಿ. ಹುರಿದರೆ ಹುಳದ ಮೊಟ್ಟೆಯೂ ಸಾಯುತ್ತದೆ.

ವಾರ್ನಿಷ್ ಮಸುಕಿಗೆ ಕಾರಣ ತೇವದ ಗಾಳಿಯಲ್ಲಿ ಸ್ಪ್ರೇ ಹೊಡೆದದ್ದು. ಸ್ಪ್ರೇಯ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಕ್ಯಾನ್ ಸರಿಯಾಗಿ ಕುಲುಕದಿದ್ದರೂ ಹೀಗೆ ಆಗುತ್ತದೆ. ಕೆರೆಯಬೇಡಿ. ಹೊಳಪಿನ ವಾರ್ನಿಷ್ ಅನ್ನು ಬ್ರಷ್‌ನಿಂದ ತೆಳ್ಳಗೆ ಒಂದು ಪದರ ಹಚ್ಚಿದರೆ ಬಹಳ ಸಲ ಮಸುಕು ಮರೆಯಾಗುತ್ತದೆ. ಹೊಳಪು ಬೇಡದಿದ್ದರೆ ಬಿಸಿಲು ಬಿದ್ದ ದಿನ ಮೇಲೆ ಮ್ಯಾಟ್ ಹಚ್ಚಿ. ಫೆವಿಕ್ವಿಕ್ ಬೂದಿಗೂ ಇದೇ ಉಪಾಯ ಸಾಕು.

ಬೂಸಿದ್ದರೆ ಒಣ ಬ್ರಷ್‌ನಿಂದ ಉಜ್ಜಲೇಬಾರದು, ಮನೆಯೆಲ್ಲ ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಜಗಲಿಗೆ ಒಯ್ಯಿರಿ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ. ಸ್ಪಿರಿಟ್‌ಗೆ ಅಕ್ರಿಲಿಕ್ ಬಣ್ಣ ಏಳಬಹುದು, ಮೂಲೆಯಲ್ಲಿ ಮೊದಲು ನೋಡಿ. ಹತ್ತಿರ ಬೆಂಕಿ ಇರಬಾರದು. ಬೂಸು ರಟ್ಟಿನ ಒಳಗೆ ಇಳಿದಿದ್ದರೆ ಎಸೆಯಿರಿ. ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ ಉಳಿಸುವ ಆಸೆಯೇ ಬೇಡ.

ಸ್ಪ್ರೇ ಹೊಡೆದ ಕೂಡಲೇ ಗುಳಿ ಬಿತ್ತು

ಇದರಲ್ಲಿ ನೀರಿನ ಪಾತ್ರವಿಲ್ಲ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ ನೋಡಿಬಂದ ಹುರುಪಿನಲ್ಲಿ ಚಿರೆಕಲ್ಲಿನ ಗೋಡೆ ಕೆತ್ತಿದ್ದೆ. ಪೆನ್ಸಿಲ್‌ನಿಂದ ಒಂದೊಂದೇ ಕಲ್ಲು, ಒಂದೊಂದೇ ತೂತು. ಆಟದ ಹಿಂದಿನ ಸಂಜೆ ಕಪ್ಪು ಸ್ಪ್ರೇ ಹೊಡೆದೆ. ಸರ್ ಅಂತ ಸಣ್ಣ ಸದ್ದು. ನೋಡನೋಡುತ್ತಾ ಕೋಟೆ ಹುತ್ತವಾಯಿತು. ಮಾರನೆಯ ದಿನ ಕಥೆಯಲ್ಲಿ ಹುತ್ತವನ್ನೇ ಸೇರಿಸಿದೆ, ಬೇರೆ ದಾರಿ ಇರಲಿಲ್ಲ.

ಥರ್ಮಾಕೋಲ್ ಆಗಲಿ, ಗುಲಾಬಿ ಅಥವಾ ನೀಲಿ ಗಟ್ಟಿ ಫೋಮ್ ಆಗಲಿ, ಎರಡೂ ಪಾಲಿಸ್ಟೈರೀನ್. ಮಾಮೂಲಿ ಸ್ಪ್ರೇ ಪೇಂಟಿನ ದ್ರಾವಕ ಅದನ್ನು ಕರಗಿಸುತ್ತದೆ. ಥಿನ್ನರ್, ಚಪ್ಪಲಿ ಅಂಟಿಸುವ ಹಳದಿ ಅಂಟು, ಫೆವಿಕ್ವಿಕ್ ಇವೂ ತಿನ್ನುತ್ತವೆ. ಚೂರೊಂದಕ್ಕೆ ಒಂದು ಹನಿ ಹಾಕಿ ಐದು ನಿಮಿಷ ಕಾದರೆ ಗೊತ್ತಾಗುತ್ತದೆ. ಸ್ಪ್ರೇ ಬೇಕೇ ಬೇಕು ಅಂದರೆ ಮೊದಲು ಬಿಳಿ ಅಂಟಿಗೆ ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಸಲ ಬಳಿಯಿರಿ. ಒಣಗಿದ ಮೇಲೆ ಟಾರ್ಚ್ ಹಿಡಿದು ಬಿಟ್ಟ ಜಾಗ ಹುಡುಕಿ. ಸೂಜಿಮೊನೆಯಷ್ಟು ಬಿಟ್ಟಿದ್ದರೂ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಗುಳಿ ಬಿದ್ದಿದ್ದು ಅಂಟಿನ ಗನ್ ತಾಗಿದ ಕಡೆ ಮಾತ್ರವೇ? ಹಾಗಾದರೆ ಗನ್ ಜಾಸ್ತಿ ಬಿಸಿ. ಕಡಿಮೆ ಬಿಸಿಯ ಗನ್ ಬಳಸಿ, ಅಂಟನ್ನು ಎರಡು ಕ್ಷಣ ಆರಲು ಬಿಟ್ಟು ಒತ್ತಿ.

ಬಿಸಿ ತಂತಿಯಿಂದ ಕತ್ತರಿಸುವವರಿಗೆ ಎಚ್ಚರಿಕೆ. ಪಾಲಿಸ್ಟೈರೀನ್ ಹೊಗೆಯೇ ಒಳ್ಳೆಯದಲ್ಲ, ಕಿಟಕಿ ತೆರೆದು ಫ್ಯಾನ್ ಹೊರಮುಖ ಇಡಿ. ಆದರೆ ಬೋರ್ಡ್ ಬರೆಯುವವರ ಹತ್ತಿರ ಸಿಗುವ ಸನ್‌ಬೋರ್ಡ್ ಹಾಳೆಗೆ ಬಿಸಿ ತಂತಿ ತಾಗಿಸಲೇಬೇಡಿ. ಅದು ಸಾಮಾನ್ಯವಾಗಿ ಪಿವಿಸಿ. ಬಿಸಿಗೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ. ಅದಕ್ಕೆ ಬ್ಲೇಡ್ ಸಾಕು. ಕಣ್ಣು ಉರಿ, ತಲೆನೋವು ಬಂದರೆ ಕೆಲಸ ನಿಲ್ಲಿಸಿ ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಫೆವಿಕ್ವಿಕ್ ಚೆಲ್ಲಿದರೆ ಹತ್ತಿ ಬಟ್ಟೆಯಿಂದ ಒರೆಸಬೇಡಿ, ಹತ್ತಿ ತಾಗಿದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ.

ಪುಟ್ಟಿ ಬಿರುಕು ಬಿಟ್ಟಿದೆ, ಪುಡಿ ಉದುರುತ್ತಿದೆ

ಬಿರುಕು ಬಿಟ್ಟರೆ ಪದರ ದಪ್ಪವಾಗಿದೆ, ಅಥವಾ ಕೆಳಗಿನ ಫೋಮ್ ಬಾಗುತ್ತಿದೆ. ಬೆರಳಿನಿಂದ ಒತ್ತಿದಾಗ ಬಿರುಕು ಬಾಯಿಬಿಟ್ಟರೆ ಎರಡನೆಯದು, ತಳ ಗಟ್ಟಿ ಮಾಡದೆ ಮೇಲೆ ಎಷ್ಟು ಬಳಿದರೂ ವ್ಯರ್ಥ. ಇಲ್ಲದಿದ್ದರೆ 1–2 ಮಿ.ಮೀ. ಪದರವಾಗಿ ಎರಡು ಸಲ ಹಚ್ಚಿ. ಕೂದಲೆಳೆ ಬಿರುಕನ್ನು ನಾನು ಮುಚ್ಚುವುದೇ ಇಲ್ಲ, ಹಳೆ ಕೋಟೆಗೆ ಅದೇ ಚೆಂದ.

ಪುಡಿ ಉದುರಿದರೆ ನೀರು ಜಾಸ್ತಿ ಆಗಿತ್ತು, ಅಥವಾ ಪುಡಿ ಹಳೆಯದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ಚೀಲ ಬಿಚ್ಚಿಟ್ಟರೆ ಮಳೆಗಾಲದ ಗಾಳಿಗೇ ಸತ್ತುಹೋಗುತ್ತದೆ. ಒಂದು ಚಮಚ ಕಲಸಿ ನೋಡಿ. ಅರ್ಧ ಗಂಟೆಯಲ್ಲಿ ಬೆಚ್ಚಗಾಗಿ ಗಟ್ಟಿಯಾಗದಿದ್ದರೆ ಚೀಲ ಎಸೆಯಿರಿ. ಇದರೊಳಗೆ ಕೈ ಮುಳುಗಿಸಿ ಅಚ್ಚು ತೆಗೆಯಲು ಮಕ್ಕಳನ್ನು ಬಿಡಬೇಡಿ, ಗಟ್ಟಿಯಾಗುವಾಗ ಸುಡುವಷ್ಟು ಕಾಯುತ್ತದೆ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗುತ್ತದೆ, ಆಮೇಲೆ ಪ್ಲಂಬರ್‌ಗೆ ಫೋನ್.

ನದಿ ಅಂಟಂಟಾಗಿದೆ

ಕಾಳಿ ನದಿಯನ್ನೋ ಅಘನಾಶಿನಿಯನ್ನೋ ಎಪಾಕ್ಸಿ ರೆಸಿನ್‌ನಲ್ಲಿ (ಎರಡು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ಅಂಟು) ಮಾಡಿದ್ದೀರಿ, ಎರಡು ದಿನವಾದರೂ ಬೆರಳು ಅಂಟುತ್ತದೆ. ಮೊದಲು ಬೆಚ್ಚಗಿನ ನೀರು, ಸೋಪಿನಿಂದ ಒರೆಸಿ. ಜಿಡ್ಡು ಹೋಗಿ ಕೆಳಗೆ ಗಟ್ಟಿ ಸಿಕ್ಕಿದರೆ ಅದು ತೇವದ ಗಾಳಿಗೆ ಮೇಲೆ ಬಂದ ಪದರ ಅಷ್ಟೇ. ಒರೆಸಿದರೂ ಎಲ್ಲ ಕಡೆ ಮೆತ್ತಗಿದ್ದರೆ ಎರಡು ಭಾಗದ ಅಳತೆ ತಪ್ಪಿದೆ. ಡಬ್ಬಿಯಲ್ಲಿ ತೂಕ ಅಂತ ಬರೆದಿದ್ದರೆ ತೂಗಲೇಬೇಕು, ಕಣ್ಣಂದಾಜು ನಡೆಯುವುದಿಲ್ಲ. ಅಲ್ಲಲ್ಲಿ ಮಾತ್ರ ಮೆತ್ತಗಿದ್ದರೆ ಕಲಕಿದ್ದು ಸಾಲದು. ಅಳತೆ ತಪ್ಪಿದ್ದು ಎಷ್ಟು ಕಾದರೂ ಗಟ್ಟಿಯಾಗದು, ಕೆರೆದು ತೆಗೆದು ಹೊಸದು ಹಾಕಿ.

ನದಿಯ ಕೆಳಗಿನ ಫೋಮ್ ಕುಸಿದಿದ್ದರೆ ಒಂದೇ ಸಲ ದಪ್ಪ ಸುರಿದಿದ್ದೀರಿ. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪವಾದಷ್ಟು ಜಾಸ್ತಿ. ಮಿಕ್ಕಿದ್ದ ಕಪ್ ಹೊಗೆಯಾಡಿದರೆ ಹೊರಗೆ ಕಾಂಕ್ರೀಟಿನ ಮೇಲೆ ಇಡಿ. ಬರಿಗೈಯಲ್ಲಿ ರೆಸಿನ್ ಮುಟ್ಟಬೇಡಿ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ತುರಿಕೆ. ದದ್ದು ಎದ್ದರೆ ರೆಸಿನ್ ಕೆಲಸ ಅಲ್ಲಿಗೆ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.

ಬಣ್ಣದೊಳಗಿಂದ ಕಂದು ಕಲೆ

ತುಕ್ಕು. ಒಳಗೆ ಗುಂಡುಪಿನ್ನೋ ಮೊಳೆಯೋ ಇದೆ. ಮೇಲೆ ಎಷ್ಟು ಬಣ್ಣ ಹೊಡೆದರೂ ಮತ್ತೆ ಬರುತ್ತದೆ. ಕಿತ್ತು ಹಿಡಿಕಡ್ಡಿ ಹಾಕಿ. ತುಂಡು ಜೋಡಿಸುವ ಪುಟ್ಟ ಆಯಸ್ಕಾಂತದ ಲೇಪ ಕಿತ್ತರೆ ಅದಕ್ಕೂ ಇದೇ ಗತಿ, ಮೇಲೊಂದು ಹನಿ ಎಪಾಕ್ಸಿ ಹಾಕಿಡಿ. ಮಗು ಈ ಆಯಸ್ಕಾಂತ ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಓಡಿ. ಎರಡು ಆಯಸ್ಕಾಂತ ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ತುಂಡುಗಳು ನಕ್ಷೆಗೆ ಕೂಡುತ್ತಿಲ್ಲ

ಆಟದ ಚೌಕ 1 ಇಂಚು, ಕಥೆಯಲ್ಲಿ ಅದು 5 ಅಡಿ. ನಮ್ಮ ಸ್ಕೇಲು ಸೆಂಟಿಮೀಟರಿನದು ಅಂತ ಚೌಕಕ್ಕೆ 2.5 ಸೆಂ.ಮೀ. ಹಿಡಿಯುತ್ತೇವೆ. ನಿಜವಾದ ಇಂಚು 2.54. ನಾಲ್ಕು ಚೌಕದಲ್ಲಿ ಏನೂ ಗೊತ್ತಾಗುವುದಿಲ್ಲ. ಹನ್ನೆರಡು ಚೌಕಕ್ಕೆ ಸುಮಾರು ಅರ್ಧ ಸೆಂ.ಮೀ. ಹೋಯಿತು. ಎಲ್ಲವನ್ನೂ 2.5ರಲ್ಲೇ ಮಾಡಿದ್ದರೆ ಹಾಗೇ ಮುಂದುವರಿಸಿ, ಮುದ್ರಿತ ನಕ್ಷೆಯ ಜೊತೆ ಬೆರೆಸಬೇಡಿ.

ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1 ಇಂಚಿಗೆ 5 ಅಡಿ ಅಂದರೆ 60ರಲ್ಲಿ ಒಂದು ಪಾಲು. ಯಾಣದ ಭೈರವೇಶ್ವರ ಶಿಖರ 120 ಮೀಟರ್. ಲೆಕ್ಕದ ಪ್ರಕಾರ ಮಾಡಿದರೆ ಮೇಜಿನ ಮೇಲೆ 2 ಮೀಟರ್ ನಿಲ್ಲುತ್ತದೆ, ಫ್ಯಾನಿಗೆ ತಾಗೀತು. ನನ್ನದು ಒಂದೂವರೆ ಅಡಿ. ಯಾರೂ ದೂರು ಹೇಳಿಲ್ಲ.

ಹುಳ ಬಿದ್ದಿದೆ

ಬಾವಿಕಟ್ಟೆಯ ಪಾಚಿಯನ್ನು ಹಸಿಯಾಗಿಯೇ ಅಂಟಿಸಿದ್ದೀರಾ? ಅಥವಾ ಮೈದಾ ಅಂಟು ಬಳಸಿದ್ದೀರಾ? ಎರಡೂ ಜಿರಲೆ, ಬೆಳ್ಳಿಹುಳಕ್ಕೆ ಊಟ. ಪಾಚಿ, ಬೇರು, ಕಡ್ಡಿ ಏನೇ ಇರಲಿ ಪೂರ್ತಿ ಒಣಗಿಸಿಯೇ ಬಳಸಿ. ಮೈದಾ ಅಂಟಿಗೆ ಮೈಲುತುತ್ತು ಬೆರೆಸುವುದು ಹಳೆಯ ಪದ್ಧತಿ. ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗದ ಔಷಧಿಗೆ ತಂದದ್ದು ಇದ್ದೇ ಇರುತ್ತದೆ. ಆದರೆ ಅದು ವಿಷ. ಮಕ್ಕಳು ಮುಟ್ಟುವ ಆಟದ ಸಾಮಾನಿಗೆ ನಾನು ಹಾಕುವುದಿಲ್ಲ, ಮೈದಾ ಅಂಟನ್ನೇ ಬಿಟ್ಟಿದ್ದೇನೆ.

ಒರಲೆಯ ಮಣ್ಣಿನ ಗೆರೆ ಕಂಡರೆ ಮಾತ್ರ ಟೆರೇನ್ ಬದಿಗಿಟ್ಟು ಮೊದಲು ಗೋಡೆ ನೋಡಿ, ಪಕ್ಕದ ಕಪಾಟು ಸರಿಸಿ ನೋಡಿ. ಅಲ್ಲೂ ಗೆರೆ ಇದ್ದರೆ ಒರಲೆಗೆ ಔಷಧಿ ಹೊಡೆಯುವವರನ್ನು ಕರೆಸಿ.

ಪೆಟ್ಟಿಗೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ

ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಸೆಕೆಗೆ ಸ್ವಲ್ಪ ಮೆತ್ತಗಿರುತ್ತದೆ. ಒಂದರ ಮೇಲೊಂದು ಇಟ್ಟರೆ ಹಿಡಿದುಕೊಳ್ಳುತ್ತದೆ. ಜಗ್ಗಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಣ್ಣ ಗಟ್ಟಿಯಾದಾಗ ನಿಧಾನವಾಗಿ ತಿರುಚಿದರೆ ಬಿಡುತ್ತವೆ. ಹೊರಗೆ ತೆಗೆದ ಮೇಲೆ ಬೆವರುತ್ತವೆ, ಒರೆಸಿ ಫ್ಯಾನ್ ಕೆಳಗಿಡಿ. ಮತ್ತೆ ತುಂಬುವಾಗ ನಡುವೆ ಬಟರ್ ಪೇಪರ್ ಹಾಕಿ. ನ್ಯೂಸ್‌ಪೇಪರ್ ಬೇಡ, ಅಕ್ಷರ ಗೋಡೆಗೆ ಇಳಿಯುತ್ತದೆ. ನನ್ನ ಒಂದು ಗುಡಿಯ ಹಿಂಬದಿಯಲ್ಲಿ ಇವತ್ತಿಗೂ ಅಡಿಕೆ ಧಾರಣೆ ಓದಬಹುದು.